ಮುಂಗೈ ಮೇಲೆ ಮಕರ

ಹಳೇಬೀಡಿನ ಶಾಲೆ ವಾರ್ಷಿಕೋತ್ಸವದಲ್ಲಿ ಮನಸ್ಸು ಓದುವ ಆಟ ಆಡ್ತೀನಿ ಅಂದೆಯಲ್ಲ ಮರಿ, ಸಂತೋಷ. ಚೀಟಿ ಸುಟ್ಟು, ಬೂದಿಯನ್ನು ಮುಂಗೈಗೆ ಉಜ್ಜಿ, ಅಕ್ಷರ ಎಬ್ಬಿಸುವ ಹಳೇ ಆಟವನ್ನೇ ಹಿಡಿ. ಕೆಲವು ಮಾತು ಕೇಳಿಸಿಕೋ.

• ಸಾಮಗ್ರಿ ಆಮೇಲೆ, ಮೊದಲು ಪದ ಆರಿಸು. ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದ ಪಟ್ಟಿಗಳಲ್ಲಿ ಆನೆ, ಸಿಂಹ, ಕುದುರೆ, ಮಕರ, ಹಂಸ ಸಾಲುಗಟ್ಟಿವೆ. ನಮ್ಮೂರ ಮಕ್ಕಳಿಗೆ ಅವು ದಿನಾ ಕಂಡವು. ನೀನು ಮಕರವನ್ನೇ ಬರೆದುಕೋ. ಮೂರೇ ಅಕ್ಷರ; ಒತ್ತಿಲ್ಲ, ಗುಡಿಸಿಲ್ಲ, ಸೊನ್ನೆಯಿಲ್ಲ. ಹಂಸದ ಸೊನ್ನೆ ಬೂದಿಯಲ್ಲಿ ಮುಚ್ಚಿಹೋದರೆ ‘ಹಸ’ ಉಳಿಯುತ್ತೆ, ಹಿಂದಿನ ಸಾಲಿನವರು ಹಸು ಅಂತ ಓದಿ ನಗ್ತಾರೆ. ಕುದುರೆಗೆ ಎರಡು ಕೊಂಬು, ಎರಡೂ ನಿಲ್ಲಲ್ಲ.

• ಸಾಬೂನಿನ ಚೂರನ್ನು ಸ್ವಲ್ಪವೇ ತೇವ ಮಾಡಿ, ಕೂದಲಿಲ್ಲದ ಒಳಮುಂಗೈ ಮೇಲೆ ದಪ್ಪಗೆ, ಬಿಡಿಸಿ ಬರೆ. ನೊರೆ ಬಂದರೆ ಕೆಟ್ಟಿತು. ಒಣಗಿದ ಮೇಲೆ ತೋಳು ಇಳಿಸು. ಬೆವರಿದರೆ ಅಕ್ಷರ ಕರಗುತ್ತೆ, ಅದಕ್ಕೇ ವೇದಿಕೆ ಹತ್ತುವ ಸ್ವಲ್ಪ ಮುಂಚೆ ಬರೆ. ಅಂಗಿ ಹತ್ತಿಯದಿರಲಿ, ಪಾಲಿಯೆಸ್ಟರ್ ಬೆಂಕಿ ಪಕ್ಕ ಬೇಡ.

• ಪ್ರಾಣಿಗಳ ಹೆಸರು ಜನರೇ ಕೂಗಲಿ. ಅವರು ಏನೇ ಕೂಗಿದರೂ ನೀನು ಪ್ರತಿ ಚೀಟಿಯಲ್ಲೂ ಬರೆಯೋದು ಮಕರ. ಯಾರೂ ಮಕರ ಅನ್ನದಿದ್ದರೆ ಕೊನೆಗೆ ನೀನೇ ಸೇರಿಸು. ಒಬ್ಬ ಹುಡುಗಿ ಒಂದು ಚೀಟಿ ತೆಗೆದು ಮುಷ್ಟಿಯಲ್ಲಿ ಹಿಡಿಯಲಿ. ಉಳಿದವನ್ನು ತಟ್ಟೆಯಲ್ಲಿ ಸುಡು. ಬೂದಿಯೂ ಸಿಕ್ಕಿತು, ಸಾಕ್ಷಿಯೂ ಹೋಯಿತು. ಈ ಆಟದ ಜಾಣತನವೆಲ್ಲ ಇಲ್ಲೇ ಇದೆ, ಕೈಯಲ್ಲಿಲ್ಲ. ಸುಡುವ ಮುಂಚೆ ಯಾರೂ ಚೀಟಿ ಬಿಚ್ಚದ ಹಾಗೆ ನೋಡಿಕೋ.

• ಬೂದಿ ಪೂರ್ತಿ ಆರಲಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು.

• ನಮ್ಮ ಕಪ್ಪು ಕೈ ಮೇಲೆ ಕರಿ ಕಾಣಿಸದು. ಕಾಗದವನ್ನು ಬೆಳ್ಳಗಾಗುವ ತನಕ ಸುಡು, ಸಾಲದಿದ್ದರೆ ಜರಡಿ ಹಿಡಿದ ಒಲೆ ಬೂದಿ ತಟ್ಟೆಯಲ್ಲಿ ಮೊದಲೇ ಉದುರಿಸಿರು. ವಿಭೂತಿ ಚೆನ್ನಾಗಿ ಹತ್ತುತ್ತೆ, ನಿಜ. ಆದರೂ ಮುಟ್ಟಬೇಡ. ವಿಭೂತಿ ಕಂಡರೆ ಜನ ಚಪ್ಪಾಳೆ ಬಿಟ್ಟು ಕೈ ಮುಗೀತಾರೆ.

• ಬೆಂಕಿಗೆ ಮೇಷ್ಟ್ರು ಒಪ್ಪದಿದ್ದರೆ ಅರಿಶಿನದ ದಾರಿ ಇದೆ. ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಬಿಳಿ ಡ್ರಾಯಿಂಗ್ ಹಾಳೆ ಮೇಲೆ ಬರೆದು ಒಣಗಿಸು, ಏನೂ ಕಾಣಲ್ಲ. ಅರಿಶಿನದ ನೀರು ಒರೆಸಿದರೆ ಹಳದಿಯ ಮೇಲೆ ಕೆಂಪಕ್ಷರ ಏಳುತ್ತೆ. ಆರತಿಯ ಕೆಂಪು ನೀರಿನ ಗುಟ್ಟೂ ಇದೇ ಕ್ಷಾರ. ಸುಣ್ಣದ ತಿಳಿ ನಂಬಬೇಡ, ಗಾಳಿಗೆ ಒಣಗಿ ಸತ್ವ ಕಳೆದುಕೊಳ್ಳುತ್ತೆ. ನಿಂಬೆರಸಕ್ಕೆ ಮತ್ತೆ ಬಿಸಿಯೇ ಬೇಕು, ನಿಧಾನ ಬೇರೆ.

• ಅಭ್ಯಾಸಕ್ಕೆ ಗುಡಿ ಅಂಗಳ ಬೇಡ. ಬಳಪದ ಕಲ್ಲು ಮೃದು. ಮಸಿ, ಎಣ್ಣೆ, ಬೂದಿ ಅದಕ್ಕೆ ತಾಗಬಾರದು. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಗುಡಿ ಅದು.

• ಚಪ್ಪಾಳೆ ನಿಂತ ಕೂಡಲೇ ‘ಇದು ಕೈಚಳಕ’ ಅಂತ ಬಾಯಿಬಿಟ್ಟು ಹೇಳು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿದ್ದರು. ಬೂದಿ ತೋರಿಸಿ ದೇವರಾದವರು ಆಗಲೂ ಇದ್ದರು. ಆಟ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು ಮಗಳ ಮದುವೆ ಯಾವಾಗ ಅಂತ ಕೇಳೇ ಕೇಳ್ತಾರೆ. ಗೊತ್ತಿಲ್ಲ ಅಮ್ಮ ಅನ್ನು, ಅವರು ಕೊಟ್ಟ ದುಡ್ಡು ಮುಟ್ಟಬೇಡ.