ಮರವನ್ನು ಹಿಟ್ಟಾಗಿಸುವ ದುಂಬಿ

ಹೊಸ ಮಂಚದ ಕಾಲಿನ ಬಳಿ ಗೋಧಿಹಿಟ್ಟಿನಷ್ಟು ನುಣುಪಾದ ಹುಡಿ ಉದುರಿರುವುದನ್ನು ನಾವು ನೋಡಿದ್ದೇವೆ. ನೆಲದಿಂದೇರುವ ಗೆದ್ದಲಾದರೆ ಮಣ್ಣಿನ ಹಾದಿ ಕಟ್ಟುತ್ತದೆ. ಇದು ಲಿಕ್ಟಸ್ ಎಂಬ ದುಂಬಿಯ ಮರಿಹುಳುವಿನ ಕೆಲಸ.

ಈ ದುಂಬಿಯ ಉದ್ದ ಸುಮಾರು 5 ಮಿಲಿಮೀಟರು. ಹೆಣ್ಣುದುಂಬಿ ಮರದ ಸೂಕ್ಷ್ಮನಾಳಗಳಲ್ಲಿ ಮೊಟ್ಟೆಯಿಡುತ್ತದೆ. ಹುಟ್ಟಿದ ಹುಳುವಿಗೆ ಬೇಕಾದುದು ಮರದ ನಾರಲ್ಲ, ಮರದೊಳಗೆ ಸಂಗ್ರಹವಾಗಿರುವ ಪಿಷ್ಟ. ಪಿಷ್ಟವಿರುವುದು ಹೊರಸುತ್ತಿನ ಬಿಳಿಮರದಲ್ಲಿ, ಚೇಗಿನಲ್ಲಿ ಅದಿಲ್ಲ. ಆದುದರಿಂದಲೇ ತೇಗದ ಚೇಗು ಉಳಿದರೂ ಅದೇ ದಿಮ್ಮಿಯ ಬಿಳಿಭಾಗ ಹಿಟ್ಟಾಗಬಹುದು. ಬಿದಿರನ್ನು ನೀರಿನಲ್ಲಿ ನೆನೆಹಾಕುವ ಹಿರಿಯರ ವಾಡಿಕೆಯ ಗುಟ್ಟೂ ಇದೇ: ಕೊರೆಯುವ ಹುಳುಗಳ ಆಹಾರ ನೀರಿನೊಡನೆ ಹೊರಟುಹೋಗುತ್ತದೆ.

ಮರದ ಮೇಲೆ ಕಾಣುವ ಸೂಜಿತೂತು ಹುಳು ಒಳಹೊಕ್ಕ ಬಾಗಿಲೆಂದು ನಾವು ಭಾವಿಸುತ್ತೇವೆ. ನಿಜಕ್ಕೂ ಅದು ಬೆಳೆದ ದುಂಬಿ ಹೊರಬಿದ್ದ ಬಾಗಿಲು. ತೂತು ಕಾಣುವ ಹೊತ್ತಿಗೆ ಒಳಗಿನ ಮರ ಪುಡಿಯಾಗಿ, ಹಾಳೆಯಷ್ಟು ತೆಳುವಾದ ಹೊರಪದರವಷ್ಟೇ ಉಳಿದಿರಬಹುದು. ಆಗ ಮೇಣ ತುಂಬಿ ಬಣ್ಣ ಬಳಿದರೆ ಒಳಗಿನ ಹುಳುಗಳು ಸಾಯುವುದಿಲ್ಲ. ಮೊದಲೇ ಬಳಿದ ಬಣ್ಣವಾದರೋ ನಾಳಗಳ ಬಾಯಿ ಮುಚ್ಚಿ ಮೊಟ್ಟೆಗೆ ಎಡೆಗೊಡದು.

ಮರ ಕೊಳ್ಳುವಾಗ ಬಿಳಿಭಾಗವನ್ನು ಕೆತ್ತಿಸಬೇಕು. ಇಲ್ಲವೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹೀರಿಸಿದ ಮರವನ್ನೇ ಆರಿಸಬೇಕು. ಮನೆಯಲ್ಲಿ ಹಳೆಯ ತೂತುಗಳಿದ್ದರೆ ಹೆದರಿ ಮರವನ್ನು ಎಸೆಯಬೇಕಾಗಿಲ್ಲ. ಹುಡಿಯನ್ನು ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಕಾಯೋಣ. ಹೊಸ ಹುಡಿ ಬಿದ್ದರೆ ಮಾತ್ರ ಶತ್ರು ಒಳಗಿದ್ದಾನೆ.