ಅರ್ಜಿಯಲ್ಲಿ ಇರುವುದು ಯಾರ ಇ-ಮೇಲ್?



ಯಾರಾದರೂ ಹೊಸದಾಗಿ ಫೋನ್ ನಂಬರ್ ಹೇಳಿದರೆ ನಾವು ಏನು ಮಾಡ್ತೀವಿ? "ಒಂದು ಮಿಸ್ ಕಾಲ್ ಕೊಡ್ತೀನಿ, ನೋಡಿ ಅಕ್ಕ" ಅಂತೀವಿ. ಅವರ ಫೋನ್ ರಿಂಗಾದರೆ ನಂಬರ್ ಸರಿ ಇದೆ ಎಂದರ್ಥ. ಇ-ಮೇಲ್ ಪರಿಶೀಲನೆಯೂ ಅಷ್ಟೇ. ಕಂಪ್ಯೂಟರಿನಲ್ಲಿ ಹೆಸರು ನೋಂದಾಯಿಸುವಾಗ ಕೊಟ್ಟ ಇ-ಮೇಲ್ ವಿಳಾಸಕ್ಕೆ ಒಂದು ಪತ್ರ ಬರುತ್ತದೆ. ಅದರಲ್ಲಿರುವ ಒಟಿಪಿ ಅಂಕಿಗಳನ್ನು ಅರ್ಜಿಯಲ್ಲಿ ಹಾಕಿದರೆ ಮಾತ್ರ ಕೆಲಸ ಮುಂದೆ ಹೋಗುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಪತ್ರ ನಮಗೆ ಬರುವುದಿಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಆದರೆ ಈ ಪರಿಶೀಲನೆಗೆ ಗೊತ್ತಾಗದ ಸಂಗತಿ ಒಂದಿದೆ. ಸೈಬರ್ ಸೆಂಟರಿನಲ್ಲಿ ನಡೆಯುವ ಮಾತು ಕೇಳಿ:

"ಅಮ್ಮಾ, ಮೇಲ್ ಐಡಿ ಇದೆಯಾ?"

"ಇಲ್ಲಪ್ಪ."

"ಹಂಗಾದ್ರೆ ನಮ್ದೇ ಹಾಕ್ತೀನಿ ಬಿಡಿ."

ಒಟಿಪಿ ಅವನಿಗೆ ಬರುತ್ತದೆ, ಅವನೇ ಹಾಕುತ್ತಾನೆ, ಅರ್ಜಿ ಪಾಸಾಗುತ್ತದೆ! ಅವನು ಮೋಸಗಾರನೇ ಆಗಬೇಕಿಲ್ಲ, ಸಹಾಯ ಅಂತಲೇ ಮಾಡಿರಬಹುದು. ತೊಂದರೆ ಬರುವುದು ಆಮೇಲೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕಡಲೆಕಾಯಿ ಚಿಕ್ಕಿ, ಹಪ್ಪಳ, ಹೊಲಿಗೆ ಕೆಲಸ ಮಾಡುವವರು ಉದ್ಯಮ್ ನೋಂದಣಿ ಮಾಡಿಸಬಹುದು. 2020ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಇದಕ್ಕೆ ಸರ್ಕಾರದ ಶುಲ್ಕ ಇಲ್ಲ. ಬ್ಯಾಂಕಿನವರು ಸಾಲಕ್ಕೆ ಈ ಪ್ರಮಾಣಪತ್ರ ಕೇಳುವುದುಂಟು. ಅದನ್ನು ಮತ್ತೆ ಪ್ರಿಂಟ್ ತೆಗೆಯಬೇಕಾದರೆ ಒಟಿಪಿ ಬರುವುದು ಅರ್ಜಿಯಲ್ಲಿ ಬರೆಸಿದ ಮೊಬೈಲಿಗೆ ಇಲ್ಲವೇ ಇ-ಮೇಲಿಗೆ. ಎರಡೂ ಸೆಂಟರಿನವನದ್ದೇ ಆಗಿದ್ದು, ಅವನು ಅಂಗಡಿ ಮುಚ್ಚಿ ಬೆಂಗಳೂರು ಸೇರಿಕೊಂಡಿದ್ದರೆ? ನಮ್ಮ ಕಾಗದಕ್ಕೆ ನಾವೇ ಅಲೆಯಬೇಕು.

ಆದ್ದರಿಂದ ಸೆಂಟರಿಗೆ ಹೋಗುವ ಮೊದಲೇ ಮಗಳ ಕೈಲೋ ಸಂಘದ ಪ್ರತಿನಿಧಿ ಕೈಲೋ ನಿಮ್ಮದೇ ಹೆಸರಲ್ಲಿ ಒಂದು ಇ-ಮೇಲ್ ಮಾಡಿಸಿಕೊಳ್ಳಿ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಟೈಪ್ ಮಾಡಿದ ಮೇಲೆ ಅಕ್ಷರ ಅಕ್ಷರ ತಾಳೆ ನೋಡಿ. ಪಾಸ್‌ವರ್ಡನ್ನು ಮಾತ್ರ ಆ ಚೀಟಿಯಲ್ಲಿ ಬರೆಯಬೇಡಿ. ಪತ್ರ ಕಾಣದಿದ್ದರೆ ಸ್ಪ್ಯಾಮ್ ಎಂಬ ಕಡೆ ಹುಡುಕಿಸಿ, ಎಷ್ಟೋ ಸಲ ಅಲ್ಲಿ ಬಿದ್ದಿರುತ್ತದೆ. ಮೊಬೈಲ್ ನಂಬರೂ ನಿಮ್ಮದೇ ಇರಲಿ. ಬಹಳ ತಿಂಗಳು ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

ನಾವು ಅರ್ಜಿ ಹಾಕುವಾಗ ಬರುವ ಒಟಿಪಿ ಬೇರೆ, ಯಾರೋ ಫೋನ್ ಮಾಡಿ "ನಂಬರ್ ಬಂತಲ್ಲ, ಹೇಳಿ" ಅನ್ನುವುದು ಬೇರೆ. ಅಂಥವರಿಗೆ ಹೇಳಲೇಬೇಡಿ. ಹೇಳಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸಭೆಯಲ್ಲಿ ಚರ್ಚಿಸಿ: ನಿಮ್ಮ ಸಂಘದಲ್ಲಿ ಇದುವರೆಗೆ ಹಾಕಿದ ಅರ್ಜಿಗಳಲ್ಲಿ ಯಾರ ಮೊಬೈಲ್, ಯಾರ ಇ-ಮೇಲ್ ಇದೆ? ಬೇರೆಯವರದ್ದು ಇದ್ದರೆ ಬದಲಾಯಿಸಲು ಯಾರು, ಯಾವ ದಿನ ಹೋಗುತ್ತೀರಿ?