ಸರದಿ ತಪ್ಪದಿರಲಿ

ಬಾಳೂರಿನ ಗೆಳೆಯರೇ, ಶುಕ್ರವಾರ ಸಂಜೆ ಜನ ಒಮ್ಮೆಲೇ ನುಗ್ಗಿ ನಿಮ್ಮ ಜೀಪ್ ಬುಕಿಂಗ್ ಜಾಲತಾಣ ಕುಸಿಯುವುದಕ್ಕೆ ದೊಡ್ಡ ಸರ್ವರ್ ಮದ್ದಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಚಾರಣಿಗರು ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್‌ಗೆ ಒತ್ತು ಕೊಟ್ಟಿತು. ನುಗ್ಗಾಟ ತಡೆಯಲು ನಿಮ್ಮ ಜಾಲತಾಣದ ಬಾಗಿಲಿಗೂ ಒಂದು ಮಿತಿ ಬೇಕು. ಬಂದವರಿಗೆಲ್ಲ ಟೋಕನ್ ಕೊಟ್ಟು, ರೆಡಿಸ್ ಡೇಟಾಬೇಸ್‌ನ ಸಾರ್ಟೆಡ್ ಸೆಟ್‌ನಲ್ಲಿ ಬಂದ ಕ್ರಮದಲ್ಲೇ ಇಡಿ. ಪೇಮೆಂಟ್ ಪುಟ ತಾಳುವಷ್ಟು ಜನರನ್ನಷ್ಟೇ ಒಳಬಿಡಿ.

ಸರದಿಯ ಸಂಖ್ಯೆ ತಿಳಿಸಲು ವೆಬ್‌ಸಾಕೆಟ್ ಬೇಡ, ಸರ್ವರ್-ಸೆಂಟ್ ಈವೆಂಟ್ಸ್ ಸಾಕು. ಮಾಹಿತಿ ಹೋಗಬೇಕಾದದ್ದು ಸರ್ವರ್‌ನಿಂದ ಬ್ರೌಸರಿಗೆ, ಒಂದೇ ದಿಕ್ಕಿಗೆ. ಸಂಪರ್ಕ ಕಡಿದುಹೋದರೆ ಬ್ರೌಸರೇ ಮತ್ತೆ ಜೋಡಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟಿನ ಜತೆ ಸಿಗ್ನಲ್ಲೂ ಹೋಗುವ ನಮ್ಮ ಮಲೆನಾಡಿಗೆ ಇದು ಸಣ್ಣ ಮಾತಲ್ಲ. ಟೋಕನ್ ಕುಕೀಯಲ್ಲಿ ಉಳಿಯಲಿ. ಸಿಗ್ನಲ್ ಹೋಯಿತೆಂದು ಯಾರ ಸರದಿಯನ್ನೂ ಅಳಿಸಬೇಡಿ, ಕೆಲವು ನಿಮಿಷ ಕಾಯಿರಿ. ಇಷ್ಟು ಮಾಡಿ ನೋಡಿ; ಹೊಸ ಸರ್ವರ್ ಆಮೇಲೆ ಕೊಳ್ಳಿ.